ಕಡಲಿಗಿರುವ ಬಿಡುವು ಕೆರೆಗೂ ಬೇಕು

ಮಾನ್ಯ ಸಂಪಾದಕರೇ,

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯಬಾರದೆಂಬ ನಿಯಮ ಕಾರವಾರದಿಂದ ಭಟ್ಕಳದವರೆಗೆ ಮಕ್ಕಳಿಗೂ ಗೊತ್ತು. ಮೊಟ್ಟೆಯಿಡುವ ಕಾಲದಲ್ಲಿ ಮೀನಿಗೆ ಬಿಡುವು ಕೊಡಬೇಕೆಂಬ ಈ ತಿಳಿವಳಿಕೆ ಘಟ್ಟ ಹತ್ತಿ ಶಿರಸಿ, ಸಿದ್ದಾಪುರ, ಮುಂಡಗೋಡದ ಕೆರೆಗಳಿಗೆ ಬರುವಷ್ಟರಲ್ಲಿ ಕಾಣೆಯಾಗಿಬಿಡುತ್ತದೆ. ಬನವಾಸಿ ಸೀಮೆಯ ಕೆರೆದಂಡೆಗಳಲ್ಲಿ ಚಿಕ್ಕಂದಿನಿಂದ ಗಾಳ ಹಿಡಿದು ಕುಳಿತವನಾಗಿ ಈ ಬಗ್ಗೆ ಕೆಲವು ಮಾತು ಬರೆಯುತ್ತಿದ್ದೇನೆ.

ಮೃಗಶಿರಾ ಮಳೆ ಹಿಡಿದು ಹಳ್ಳಗಳಲ್ಲಿ ಕೆಂಪು ನೀರು ಇಳಿಯತೊಡಗಿದೊಡನೆ ಕೆರೆಯ ಮೀನುಗಳು ಆ ಹೊಸ ನೀರಿಗೆದುರಾಗಿ ಮೊಟ್ಟೆಯಿಡಲು ಗದ್ದೆಯ ಕಡೆಗೆ ಏರುತ್ತವೆ. ಇದನ್ನೇ ನಾವು ಹತ್ತುಮೀನು ಎನ್ನುತ್ತೇವೆ. ತೆಳುನೀರು ನಿಂತ ಗದ್ದೆಯಲ್ಲಿ ಮರಿಗಳಿಗೆ ಸೂಕ್ಷ್ಮ ಆಹಾರ ಹೇರಳವಾಗಿ ಸಿಗುತ್ತದೆ, ನುಂಗುವ ದೊಡ್ಡ ಮೀನುಗಳ ಕಾಟವೂ ಕಡಿಮೆ. ಆದರೆ ಮೊಳಕಾಲುದ್ದದ ನೀರಿನಲ್ಲಿ ಒತ್ತೊತ್ತಾಗಿ ಏರುವ ಮೀನನ್ನು ಹಿಡಿಯಲು ಜಾಣ್ಮೆಯೇನೂ ಬೇಕಿಲ್ಲ, ಹಳ್ಳಕ್ಕೆ ಅಡ್ಡವಾಗಿ ಕೂಳಿಯನ್ನೋ (ಮೀನು ಹಿಡಿಯುವ ಬುಟ್ಟಿ) ಬಲೆಯನ್ನೋ ಇಟ್ಟರೆ ಸಾಕು. ಕಳೆದ ವರ್ಷ ಆರಿದ್ರಾ ಮಳೆಯ ಒಂದು ಬೆಳಗ್ಗೆ, ಹಳ್ಳ ಕೆರೆಗೆ ಸೇರುವ ಮೋರಿಯ ಬಳಿ ಬುಟ್ಟಿಗಟ್ಟಲೆ ಮೀನು ಎತ್ತಿದ್ದನ್ನು ಕಂಡೆ. ಅಲ್ಲೇ ಕೊಯ್ದವುಗಳಲ್ಲಿ ಹೆಚ್ಚಿನವುಗಳ ಹೊಟ್ಟೆ ತುಂಬ ಮೊಟ್ಟೆಯಿತ್ತು. ಹತ್ತುಮೀನಿನ ಸಾರಿನ ರುಚಿ ನನಗೂ ಗೊತ್ತಿದೆ. ಆದರೂ ಆ ಬುಟ್ಟಿಗಳ ಮುಂದೆ ನಿಂತಾಗ ಮನಸ್ಸಿಗೆ ಬಹಳ ಕಷ್ಟವಾಯಿತು.

ಮಳೆಗಾಲದಲ್ಲಿ ಮೀನನ್ನೇ ಹಿಡಿಯಬಾರದೆಂದು ನಾನು ಹೇಳುತ್ತಿಲ್ಲ. ಹರಾಜಿನಲ್ಲಿ ಕೆರೆಯ ಮೀನಿನ ಹಕ್ಕು ಪಡೆದವರ ಒಪ್ಪಿಗೆಯಿಂದ ಗಾಳ ಹಾಕುವವರಿಗೆ ಈ ದಿನಗಳಲ್ಲೂ ದಾರಿಯಿದೆ. ಕಾಟ್ಲಾ, ರೋಹು, ಮೃಗಾಲ್‌ಗಳು ಹರಿಯುವ ಹೊಳೆಯಲ್ಲಿ ಮೊಟ್ಟೆಯಿಡುವ ಜಾತಿಗಳು. ನಿಂತ ಕೆರೆಯಲ್ಲಿ ಅವು ಸಾಮಾನ್ಯವಾಗಿ ಸಂತಾನ ಬೆಳೆಸುವುದಿಲ್ಲವಾದ್ದರಿಂದಲೇ ಅವುಗಳ ಮರಿಗಳನ್ನು ಹೊರಗಿನಿಂದ ತಂದು ಬಿಡಬೇಕಾಗುತ್ತದೆ. ಬೇಸಿಗೆ ಕಳೆದು ಉಳಿದ ಇಂಥ ಮೀನನ್ನು ಹಿಡಿದರೆ ಊರ ಮೀನಿನ ವಂಶಕ್ಕೆ ಪೆಟ್ಟು ಬೀಳುವುದಿಲ್ಲ. ಅದಕ್ಕೆ ಬೇಕಾದದ್ದು ಜಾಗ ಮತ್ತು ಹೊತ್ತಿನ ತಿಳಿವಳಿಕೆ. ದಿನಗಟ್ಟಲೆ ಮೋಡ ಕವಿದು ಬಿಸಿಲು ಬೀಳದಿದ್ದರೆ ನೀರೊಳಗಿನ ಪಾಚಿ ಮತ್ತು ಗಿಡಗಳು ಆಮ್ಲಜನಕ ಬಿಡುವುದು ಕಡಿಮೆಯಾಗುತ್ತದೆ, ನಸುಕಿನಲ್ಲಂತೂ ಅದು ತೀರ ಇಳಿದಿರುತ್ತದೆ. ಆಗ ಮೀನು ಮೇಲೆ ಬಂದು ಗುಟುಕರಿಸುತ್ತದೆಯೇ ಹೊರತು ಮೇವಿಗೆ ಬಾಯಿ ಹಾಕುವುದಿಲ್ಲ. ಆದ್ದರಿಂದ ಬೇಸಿಗೆಯ ರೂಢಿಯಂತೆ ಬೆಳಕು ಹರಿಯುವ ಮೊದಲೇ ಹೋಗಿ ಕೂರುವ ಬದಲು, ಮಳೆ ಹೊಳವಾದ ಮೇಲೆ, ಹತ್ತು ಗಂಟೆ ದಾಟಿದ ಬಳಿಕ ಹೋಗುವುದು ಲೇಸು. ನೀರು ಕದಡಿ ಕೆಂಪಾಗಿದ್ದರೆ ಕಣ್ಣಿಂದ ಬೇಟೆಯಾಡುವ ಮೀನಿಗೆ ಮೇವು ಕಾಣಿಸದು, ಆಗ ವಾಸನೆ ಬೀರುವ ಎರೆಹುಳುವನ್ನೋ ಶೇಂಗಾ ಹಿಂಡಿ ಕಲೆಸಿದ ಹಿಟ್ಟಿನುಂಡೆಯನ್ನೋ ತಳಕ್ಕೆ ಬಿಡಬೇಕು. ತಳದಲ್ಲಿ ಮೇಯುವ ಮೃಗಾಲ್ ಅದನ್ನು ಹುಡುಕಿಕೊಂಡು ಬರುತ್ತದೆ. ಎರಡು ಮೂರು ದಿನ ಮಳೆ ಬಿಟ್ಟು ಮಣ್ಣು ತಳಕ್ಕೆ ಕೂತ ಮೇಲೆ ತೇಲುವ ಬೆಂಡನ್ನು ಗಾಳದ ಕೊಕ್ಕೆಯ ಹತ್ತಿರಕ್ಕೆ ಇಳಿಸಿ, ನಡುನೀರಿನ ರೋಹು ಮತ್ತು ಮೇಲ್ನೀರಿನ ಕಾಟ್ಲಾಕ್ಕೆ ಕಾಯಬಹುದು. ಕೆರೆಯ ನೀರು ಏರಿ ದಂಡೆಯ ಹುಲ್ಲು ಮುಳುಗಿದ ಕಡೆ, ನೀರಿಗೆ ಬಿದ್ದ ಹುಳುಹುಪ್ಪಟೆ ಅರಸಿ ಮೀನು ಬರುವುದರಿಂದ ಅಲ್ಲಿ ದೂರ ಎಸೆಯುವ ಅಗತ್ಯವೇ ಇಲ್ಲ. ಹಳ್ಳ ಸೇರುವ ಬಾಯಿ ಮತ್ತು ಕೋಡಿ, ಇವೆರಡನ್ನು ಮಾತ್ರ ಬಿಟ್ಟು ಕುಳಿತುಕೊಳ್ಳಬೇಕು.

ಕೊರವ (ಮರಲ್) ಮೀನಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಗಾಳಿಯನ್ನೂ ಉಸಿರಾಡಬಲ್ಲ ಈ ಮೀನು ಆಮ್ಲಜನಕ ಇಳಿದ ನೀರಿನಲ್ಲೂ ಚುರುಕಾಗಿರುವುದರಿಂದ ಗಾಳಕ್ಕೆ ಬೇಗ ಸಿಗುತ್ತದೆ. ಇದೇ ದಿನಗಳಲ್ಲಿ ಅದು ತನ್ನ ಮರಿಗಳನ್ನು ಕಾಯುತ್ತಿರುತ್ತದೆ. ನೀರ ಮೇಲೆ ಕೆಂಬಣ್ಣದ ಮರಿಗಳ ಗುಂಪು ಮೋಡದಂತೆ ಸರಿದಾಡುವುದನ್ನು ಕಂಡರೆ ಅದರಡಿಯಲ್ಲಿ ತಾಯಿಯೋ ತಂದೆಯೋ ಇದೆಯೆಂದು ತಿಳಿಯಬೇಕು. ಅದನ್ನು ಎಳೆದು ಹಾಕಿದರೆ ಕಾವಲಿಲ್ಲದ ಆ ಮರಿಗಳನ್ನು ಬೇರೆ ಮೀನುಗಳು ಬೇಗ ಮುಗಿಸುತ್ತವೆ. ಮರಿಗುಂಪು ಕಂಡ ಕಡೆ ಗಾಳ ಎತ್ತಿಕೊಂಡು ಬೇರೆಡೆ ಹೋಗುವಂತೆ ಯುವಕರನ್ನು ಕೈಮುಗಿದು ಕೇಳುತ್ತೇನೆ.

ಸಿಡಿಮದ್ದು ಸಿಡಿಸಿ, ವಿಷ ಹಾಕಿ ಮೀನು ಕೊಲ್ಲುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೇ ಅಪರಾಧ. ನೀರಿಗೆ ವಿದ್ಯುತ್ ಹರಿಸುವುದಂತೂ ಮನುಷ್ಯರ ಜೀವಕ್ಕೇ ಎರವಾಗುತ್ತದೆ. ಇನ್ನೊಂದು ಎಚ್ಚರಿಕೆ: ಈಗ ಪೇಟೆಯಲ್ಲಿ ಸಿಗುವ ಕಾರ್ಬನ್ ಫೈಬರ್ ಗಾಳದ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ, ಗುಡುಗು ಕೇಳಿದ ಕೂಡಲೇ ಕೋಲು ಕೆಳಗಿಟ್ಟು ಬಯಲು ದಂಡೆ ಬಿಟ್ಟು ಗಟ್ಟಿ ಸೂರಿನಡಿ ಸೇರಬೇಕು.

ಕೆರೆಯ ಮೀನಿನ ಹಕ್ಕನ್ನು ಹರಾಜು ಮಾಡುವ ಗ್ರಾಮ ಪಂಚಾಯ್ತಿಗಳು, ಜೂನ್ ಮತ್ತು ಜುಲೈಯಲ್ಲಿ ಹಳ್ಳದ ಬಾಯಿಗೂ ಕೋಡಿಗೂ ಕೂಳಿ, ಬಲೆ ಅಡ್ಡ ಹಾಕಬಾರದೆಂಬ ಷರತ್ತನ್ನು ಕರಾರಿನಲ್ಲಿ ಸೇರಿಸಬೇಕು. ಮೀನುಗಾರಿಕೆ ಇಲಾಖೆಯವರು ಮೇ ಕೊನೆಯ ವಾರದಲ್ಲೇ ಈ ಬಗ್ಗೆ ಊರೂರಲ್ಲಿ ಡಂಗುರ ಸಾರಿಸಿ, ಮೋರಿಗಳ ಬಳಿ ಫಲಕ ನೆಡಿಸಬೇಕು. ಮೃಗಶಿರಾ ಹಿಡಿದ ಮೇಲೆ ಹೇಳಿದರೆ ಅಷ್ಟರಲ್ಲಿ ಮೀನು ಗದ್ದೆಗೆ ಹತ್ತಿ ಆಗಿರುತ್ತದೆ.

ಇತಿ,
ಗಾಳ ಹಾಕುವ ಒಬ್ಬ ಓದುಗ
ಬನವಾಸಿ ಹೋಬಳಿ, ಶಿರಸಿ ತಾಲ್ಲೂಕು