ಕೊನೆಯ ಕೊಳಗ

ಈ ಸಂಚಿಕೆಯ ಸಂಪಾದಕೀಯ ಗಣೇಶನ ಹಬ್ಬದ ಬಗ್ಗೆ ಇರಬೇಕಿತ್ತು. ನಾಳೆ ಬೆಳಿಗ್ಗೆ ಪುಟಗಳನ್ನು ಕಳಿಸಬೇಕು, ಈಗ ರಾತ್ರಿ ಹನ್ನೊಂದೂವರೆ. ಮೋದಕದ ಬಗ್ಗೆ ಎರಡು ಸಾಲು ಬರೆದು ಅಳಿಸಿದೆ. ತಲೆ ಇನ್ನೂ ಟ್ರಯಥ್ಲಾನ್ ರೇಸ್ ನಡೆದ ರೋಟ್‌ನಲ್ಲೇ ಇದೆ. ರೇಸ್ ಮುಗಿದ ರಾತ್ರಿ ಮಗಳು ಒಂದು ಪ್ರಶ್ನೆ ಕೇಳಿದಳು: "ಅಮ್ಮಾ, ಇವರು ಲಾಸ್ಟ್ ಬಂದಿರೋದು ಅಲ್ವಾ? ಮತ್ಯಾಕೆ ಎಲ್ಲರೂ ಇಷ್ಟು ಚಪ್ಪಾಳೆ ಹೊಡೀತಿದ್ದಾರೆ?" ಆವತ್ತು ಏನೋ ಹೇಳಿ ಜಾರಿಕೊಂಡೆ. ಆದರೆ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಈ ಕಡೆಗೆ ಹೊಸದಾಗಿ ಬಂದವರಿಗೆ ಎರಡು ಮಾತು. ರೋಟ್ ಅಂದರೆ ಜರ್ಮನಿಯಲ್ಲಿ, ನಮ್ಮ ನ್ಯೂರೆಂಬರ್ಗ್‌ನಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್ ದೂರದ ಸಣ್ಣ ಊರು. ಎಸ್-ಬಾನ್ ಲೋಕಲ್ ರೈಲು ಹತ್ತಿ ಕೂತರೆ ಬಂದೇಬಿಡುತ್ತದೆ. ಜುಲೈ ಮೊದಲ ವಾರದ ಸುಮಾರಿಗೆ ಅಲ್ಲಿ ಚಾಲೆಂಜ್ ರೋಟ್ ಟ್ರಯಥ್ಲಾನ್ ನಡೆಯುತ್ತದೆ. 3.8 ಕಿಲೋಮೀಟರ್ ಈಜು, ಸುಮಾರು 180 ಕಿಲೋಮೀಟರ್ ಸೈಕಲ್, ಅದರ ಮೇಲೆ 42.2 ಕಿಲೋಮೀಟರ್ ಓಟ. ಎಲ್ಲ ಒಂದೇ ದಿನ. ಮೊದಲು ಐರನ್‌ಮ್ಯಾನ್ ಯೂರೋಪ್ ಎಂಬ ಹೆಸರಲ್ಲಿ ನಡೆಯುತ್ತಿತ್ತು, 2002ರಿಂದ ಈಗಿನ ಹೆಸರು. ಮೂರು ಸಾವಿರಕ್ಕೂ ಜಾಸ್ತಿ ಜನ ಒಬ್ಬೊಬ್ಬರೇ ಮೂರನ್ನೂ ಮಾಡುತ್ತಾರೆ. ಜೊತೆಗೆ ನೂರಾರು ರಿಲೇ ತಂಡಗಳು: ಒಬ್ಬರು ಈಜಿ, ಇನ್ನೊಬ್ಬರು ಸೈಕಲ್ ತುಳಿದು, ಮತ್ತೊಬ್ಬರು ಓಡಿ ಮುಗಿಸುವುದು. ನೋಡಲು ಬರುವವರು ಎರಡು ಲಕ್ಷಕ್ಕೂ ಮೇಲೆ. ಕೆಲಸ ಮಾಡುವ ಸ್ವಯಂಸೇವಕರು ಏಳು ಸಾವಿರದಷ್ಟು. ಈ ಕೊನೆಯ ಸಂಖ್ಯೆಯನ್ನು ನಮ್ಮ ಕನ್ನಡ ಸಂಘದ ಕಾರ್ಯಕಾರಿ ಸಮಿತಿಯವರು ಇನ್ನೊಮ್ಮೆ ಓದಬೇಕಾಗಿ ವಿನಂತಿ.

ನಮ್ಮವರಿಗೆ ಈ ಹುಚ್ಚು ಹತ್ತಿದ್ದಕ್ಕೂ ಕಾರಣವಿದೆ. 2024ರ ಅಕ್ಟೋಬರ್‌ನಲ್ಲಿ ಸಂಸದ ತೇಜಸ್ವಿ ಸೂರ್ಯ ಗೋವಾದಲ್ಲಿ ಐರನ್‌ಮ್ಯಾನ್ 70.3 ಮುಗಿಸಿದರು. ಅಂದರೆ ಇದರ ಅರ್ಧ: 1.9, 90, 21.1. ನಮ್ಮ ವಾಟ್ಸಾಪ್ ಗುಂಪಿನ 'ರಾಜಕೀಯ ಬೇಡ' ನಿಯಮ ಆ ವಾರ ಗಾಳಿಗೆ ಹಾರಿತು. ಜಗಳ ಮುಗಿದ ಮೇಲೆ ಮೂವರು ಉಳಿದುಕೊಂಡರು: ಸಂಘದ ಖಜಾಂಚಿ, ಕನ್ನಡ ಕಲಿ ತರಗತಿಯ ಟೀಚರ್, ಮತ್ತು ಎರ್ಲಾಂಗೆನ್‌ನಲ್ಲಿ ಎಂಎಸ್ ಓದುತ್ತಿರುವ ಹುಬ್ಬಳ್ಳಿ ಹುಡುಗ. ಮಾತಾಡಿದವರೆಲ್ಲ ಮನೆಗೆ ಹೋದರು, ಇವರು ಮಾತ್ರ ರಿಲೇ ತಂಡ ಕಟ್ಟಿದರು. ರೇಸ್ ಆದ ಮೇಲೆ ಮೂವರನ್ನೂ ನಮ್ಮ ಮನೆಗೆ ಕರೆದು ಬಿಸಿಬೇಳೆಬಾತ್ ಹಾಕಿ ಮಾತಾಡಿಸಿದೆ. ಸಮಯ ಎಷ್ಟು ಬಂತು ಅಂತ ಕೇಳಲಿಲ್ಲ. ಏರ್ಪಾಟು ಹೇಗಿತ್ತು, ದಾರಿ ಹೇಗಿತ್ತು ಅಂತ ಮಾತ್ರ ಕೇಳಿದೆ.

ಈಜಿದ್ದು ಖಜಾಂಚಿ. ಶ್ರೀರಂಗಪಟ್ಟಣದವರು, ಕಾವೇರಿಯಲ್ಲಿ ಈಜು ಕಲಿತವರು. ಇಲ್ಲಿ ಈಜುವುದು ಮೈನ್-ಡೊನಾವ್ ಕಾಲುವೆಯಲ್ಲಿ. ಆವತ್ತು ಅಲ್ಲಿ ಹಡಗು ಓಡಾಟ ಬಂದ್. "ನೀರು ಹಸಿರು. ಕೈ ಮುಂದೆ ಚಾಚಿದರೆ ಬೆರಳು ಕಾಣಲ್ಲ. ಆದರೆ ಸೆಳೆತ ಇಲ್ಲ, ದಾರಿ ತಪ್ಪುವ ಹಾಗೂ ಇಲ್ಲ. ಎರಡೂ ಕಡೆ ದಂಡೆ, ನೆಟ್ಟಗೆ ಹೋಗೋದು, ತಿರುಗಿ ಬರೋದು" ಎಂದರು. ಬೆಳಿಗ್ಗೆ ಆರೂವರೆಗೆ ಮೊದಲ ತೋಪು ಹಾರುತ್ತದೆ, ಆಮೇಲೆ ಐದೈದು ನಿಮಿಷಕ್ಕೆ ಒಂದೊಂದು ಗುಂಪನ್ನು ಬಿಡುತ್ತಾರೆ. ಸಾವಿರಾರು ಜನರನ್ನು ಒಟ್ಟಿಗೆ ನೀರಿಗೆ ಬಿಟ್ಟರೆ ಮುಖಕ್ಕೆ ಒದೆ ಬೀಳುವುದು ಗ್ಯಾರಂಟಿ. ಹೀಗೆ ಬಿಡಿಸಿ ಕಳಿಸಿದರೆ ಈಜುವವರಿಗೂ ಜಾಗ, ಮುಂದೆ ಸೈಕಲ್ ದಾರಿಯಲ್ಲೂ ಜಾಗ. ನೀರಿನ ಬಿಸಿ 24.5 ಡಿಗ್ರಿ ದಾಟಿದರೆ ಮೈ ಬೆಚ್ಚಗಿಡುವ ರಬ್ಬರ್ ದಿರಿಸಾದ ವೆಟ್‌ಸೂಟ್ ಹಾಕುವ ಹಾಗಿಲ್ಲ. ಹಾಗಾಗಿ ಹಿಂದಿನ ವಾರವೆಲ್ಲ ಇವರು ಶೇರು ಪೇಟೆ ನೋಡಿದ ಹಾಗೆ ನೀರಿನ ಡಿಗ್ರಿ ನೋಡಿಕೊಂಡು ಕೂತಿದ್ದರು. ಖಜಾಂಚಿ ಅಲ್ವಾ! ಅವರಿಗೆ ನೆನಪು ಉಳಿದದ್ದು ಮಾತ್ರ ದಡದಲ್ಲಿ ಕೈ ಹಿಡಿದು ಮೇಲಕ್ಕೆ ಎಳೆದ ಒಬ್ಬ ಮುದುಕರು. ನೀರಲ್ಲಿ ಅಷ್ಟು ಹೊತ್ತು ಇದ್ದು ಎದ್ದು ನಿಂತರೆ ತಲೆ ತಿರುಗುತ್ತದೆ. ಅದು ಗೊತ್ತಿದ್ದವರೇ ಆ ಜಾಗದಲ್ಲಿ ಜನ ನಿಲ್ಲಿಸಿದ್ದಾರೆ.

ಸೈಕಲ್ ತುಳಿದದ್ದು ಟೀಚರ್. ಒಂದೇ ದಾರಿಯಲ್ಲಿ ಎರಡು ಸುತ್ತು. ಗ್ರೆಡಿಂಗ್ ಎಂಬ ಊರಿನ ಏರು, ಮೇಲೆ ಬಯಲಲ್ಲಿ ಅಡ್ಡಗಾಳಿ, ಆಮೇಲೆ ಇಳಿಜಾರಿನ ತಿರುವುಗಳು. ಹಿಲ್ಪೋಲ್ಟ್‌ಸ್ಟೈನ್ ಹತ್ತಿರದ ಸೋಲಾರರ್ ಬೆರ್ಗ್ ಏರನ್ನು ನೀವೆಲ್ಲ ವಿಡಿಯೋದಲ್ಲಿ ನೋಡಿರುತ್ತೀರಿ. ಎರಡೂ ಕಡೆಯಿಂದ ಜನ ಒತ್ತಿ ನಿಂತು ನಡುವೆ ಒಂದು ಸೈಕಲ್ ಹೋಗುವಷ್ಟೇ ದಾರಿ ಬಿಡುತ್ತಾರೆ. "ಅಲ್ಲಿ ಕಾಲು ತಾನಾಗೇ ತುಳಿಯುತ್ತೆ ಕಣ್ರೀ" ಎಂದರು. ನಂಬರ್ ಚೀಟಿಯಲ್ಲಿ ಹೆಸರು ಓದಿ ಕೂಗುತ್ತಾರಂತೆ. ಇವರ ಹೆಸರು ಇಲ್ಲಿನವರ ಫ್ರಾಂಕನ್ ನಾಲಿಗೆಯಲ್ಲಿ ಏನೇನೋ ಆಯಿತು, ಆದರೂ ಪ್ರತಿ ಸಲ ತಿರುಗಿ ನೋಡಿದೆ ಎಂದರು.

ಆದರೆ ಅವರು ಜಾಸ್ತಿ ಮಾತಾಡಿದ್ದು ಇನ್ನೊಂದು ರೇಸ್ ಬಗ್ಗೆ. ಅಭ್ಯಾಸಕ್ಕೆಂದು ಮೇ ತಿಂಗಳಲ್ಲಿ ಬೇರೆ ಕಡೆ ಒಂದು ಸಣ್ಣ ರೇಸ್‌ಗೆ ಹೋಗಿದ್ದರು. ಹೆಸರು ಬೇಡ. ಇಳಿಜಾರಿನ ತಿರುವಿನಲ್ಲಿ ಜಲ್ಲಿ ಹರಡಿತ್ತು, ಗುಡಿಸಿರಲಿಲ್ಲ. ಒಂದು ಕವಲಿನಲ್ಲಿ ಬಾಣದ ಗುರುತೂ ಇಲ್ಲ, ಮನುಷ್ಯರೂ ಇಲ್ಲ. ಇದ್ದರಂತೆ, ಆದರೆ ಮುಂದಿನವರು ಹೋದ ಮೇಲೆ ಊಟಕ್ಕೆ ಹೊರಟುಹೋಗಿದ್ದರು. ಎರಡನೇ ಸುತ್ತಿನಲ್ಲಿ ನೀರಿನ ಮೇಜು ಖಾಲಿ. ಮುಂದೆ ಹೋದವರು ಎರಡೆರಡು ಬಾಟಲಿ ಕಿತ್ತುಕೊಂಡು ಒಂದನ್ನು ಕುಡಿದು ಇನ್ನೊಂದನ್ನು ತಲೆ ಮೇಲೆ ಸುರಿದುಕೊಂಡಿದ್ದರು. "ನೋಡಿ, ಬೇಗ ಮುಗಿಸುವವರು ತಂಪು ಹೊತ್ತಲ್ಲಿ ಮನೆ ಸೇರ್ತಾರೆ. ನಿಧಾನಕ್ಕೆ ಹೋಗೋರಿಗೆ ಬಿಸಿಲೂ ಜಾಸ್ತಿ, ದಾರಿಯಲ್ಲಿ ಇರೋ ಹೊತ್ತೂ ಜಾಸ್ತಿ. ನೀರು ಖಾಲಿಯಾಗೋದೂ ನಮಗೇ." ಇದನ್ನು ಕೇಳಿ ನಾನು ಸೌಟು ಕೆಳಗಿಟ್ಟೆ.

ಯಾಕೆಂದರೆ ಇದೇ ಮಾತನ್ನು ನಂಜನಗೂಡಿನಲ್ಲಿ ದೊಡ್ಡಮ್ಮನ ಬಾಯಲ್ಲಿ ಕೇಳಿದ್ದೆ. ದೊಡ್ಡಜಾತ್ರೆಯ ದಿನ ಅವರ ಮನೆ ಜಗಲಿಯಲ್ಲಿ ಅರವಟ್ಟಿಗೆ ಇಡುತ್ತಿದ್ದರು. ರಥಬೀದಿಗೆ ಹತ್ತಿರದ ಮನೆ. ಹಿಂದಿನ ರಾತ್ರಿಯೇ ಬೆಲ್ಲ ಕುಟ್ಟಿ, ಏಲಕ್ಕಿ ಪುಡಿ ಮಾಡಿ, ನಿಂಬೆಹಣ್ಣು ಹೆಚ್ಚಿ ಇಡಬೇಕು. ಹುಡುಗರು ನೀರು ಸೇದಬೇಕು, ಹುಡುಗಿಯರು ಲೋಟ ಬೆಳಗಬೇಕು. ಆಗ ಕಾಗದದ ಲೋಟ ಎಲ್ಲಿ ಬರಬೇಕು! ಬೆಳಗಿನ ಜಾವ ಐದು ತೇರುಗಳು ಹೊರಡುತ್ತವೆ. ಮುಂದೆ ಗಣಪತಿ ತೇರು. ನಂಜುಂಡೇಶ್ವರನ ದೊಡ್ಡ ತೇರು ಬಂದಾಗಂತೂ ಬೀದಿಯೆಲ್ಲ ತಲೆಯೇ ತಲೆ, ಮೇಲಿಂದ ಹಣ್ಣು ಜವನದ ಮಳೆ. ಹಗ್ಗ ಎಳೆದವರು ಬೆವರು ಸುರಿಸಿಕೊಂಡು ಬಂದು ಜಗಲಿ ಮುಂದೆ ಕೈ ಚಾಚುತ್ತಿದ್ದರು. ನನಗೆ ಆಗ ಎಂಟೊಂಬತ್ತು ವರ್ಷ ಇರಬೇಕು. ಲೋಟ ತುಂಬ ಮಜ್ಜಿಗೆ ಸುರಿದು ಕೊಡುವುದೇ ನನಗೆ ದೊಡ್ಡಸ್ತಿಕೆ. ದೊಡ್ಡಮ್ಮ ಹಿಂದಿನಿಂದ ತಲೆಗೆ ಮೊಟಕಿ, "ಅರ್ಧ ಕೊಡೇ. ಕೇಳಿದ್ರೆ ಇನ್ನರ್ಧ ಕೊಡು. ತುಂಬಿಸಿದ್ರೆ ಚೆಲ್ತಾರೆ" ಅನ್ನುತ್ತಿದ್ದರು. ಮತ್ತೆ ಒಳಗಡೆ, ದೇವರ ಕೋಣೆ ಪಕ್ಕದಲ್ಲಿ, ಒದ್ದೆ ಬಟ್ಟೆ ಸುತ್ತಿದ ಒಂದು ಕೊಳಗ. ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಹೊರಗೆ ಹಂಡೆ ಬರಿದಾಗಿ, ಜನ ಬೈದುಕೊಂಡು ಹೋದರೂ ಆ ಕೊಳಗ ಹೊರಗೆ ಬರುತ್ತಿರಲಿಲ್ಲ. ದೊಡ್ಡಪ್ಪನೇ ಒಮ್ಮೆ ಯಾರೋ ದೊಡ್ಡ ಮನುಷ್ಯರು ಬಂದಿದ್ದಾರೆ ಅಂತ ಕೇಳಿದರು. "ಅವರು ದೊಡ್ಡೋರಾದ್ರೆ ಎಲ್ಲಿ ಬೇಕಾದ್ರೂ ಸಿಗತ್ತೆ" ಎಂದು ಕಳಿಸಿಬಿಟ್ಟರು. ಎಲ್ಲ ತೇರು ಹೋದ ಮೇಲೆ ಕೊನೆಗೆ ಚಂಡಿಕೇಶ್ವರನ ಪುಟ್ಟ ತೇರು. ಅಷ್ಟು ಹೊತ್ತಿಗೆ ಬಿಸಿಲು ಏರಿರುತ್ತಿತ್ತು, ಜನ ಕರಗಿರುತ್ತಿದ್ದರು. ಅದರ ಹಗ್ಗ ಹಿಡಿದವರಿಗೆ, ಅವರ ಹಿಂದೆ ಬೀದಿ ಗುಡಿಸಿಕೊಂಡು ಬರುವವರಿಗೆ ಆ ಕೊಳಗ. ಶುಂಠಿ, ಕರಿಬೇವು ಹಾಕಿದ ಆ ಮಜ್ಜಿಗೆಯೇ ದಿನದ ಎಲ್ಲಕ್ಕಿಂತ ಒಳ್ಳೆಯ ಮಜ್ಜಿಗೆ. ನಮಗೂ ಅದರಲ್ಲೇ ಪಾಲು, ಅವರೆಲ್ಲ ಕುಡಿದ ಮೇಲೆ.

ರೋಟ್‌ನಲ್ಲಿ ನಾನು ನಿಂತಿದ್ದೂ ನೀರಿನ ಮೇಜಿನಲ್ಲೇ. ಅಲ್ಲಿ ಊರೂರಿನ ಕ್ಲಬ್ಬುಗಳು, ಅಗ್ನಿಶಾಮಕ ಬಳಗದವರು ಕೆಲಸ ಹಂಚಿಕೊಳ್ಳುತ್ತಾರೆ. ನಮ್ಮ ಪಕ್ಕದ ಮನೆಯಾಕೆ ಅಂಥ ಒಂದು ಕ್ಲಬ್ಬಿನವರು, ನನ್ನನ್ನೂ ನಮ್ಮನೆಯವರನ್ನೂ ಎಳೆದುಕೊಂಡು ಹೋದರು. ಓಟದ ದಾರಿ, ಕಾಲುವೆ ದಂಡೆ. ಜಲ್ಲಿ ನೆಲ, ನೆರಳು ಕಡಿಮೆ, ನೆಟ್ಟಗೆ ಎಷ್ಟು ದೂರ ಕಾಣುತ್ತದೆಂದರೆ ಓಡುವವರಿಗೆ ಅದೇ ಶಿಕ್ಷೆ. ಅಲ್ಲಿನ ಮೇಸ್ತ್ರಿಣಿ ಮೊದಲು ಹೇಳಿಕೊಟ್ಟದ್ದು: ಲೋಟ ಅರ್ಧವೇ ತುಂಬಿಸಿ, ಓಡುವವರು ಹಿಂಡಿ ಕುಡಿಯುತ್ತಾರೆ. ಮೊದಲು ನೀರು, ಆಮೇಲೆ ಐಸೋ (ಉಪ್ಪು-ಸಕ್ಕರೆ ಬೆರೆತ ಪಾನೀಯ), ಆಮೇಲೆ ಕೋಲಾ, ಕೊನೆಗೆ ಮತ್ತೆ ನೀರು. ಕೈಯಲ್ಲಿರುವುದು ಏನು ಅಂತ ಕೂಗುತ್ತಲೇ ಇರಬೇಕು. ಸಂಜೆ ಪಾಳಿಗೆ ಐಸ್ ಬೇರೆ ಪೆಟ್ಟಿಗೆಯಲ್ಲಿದೆ, ಮಧ್ಯಾಹ್ನ ಅದನ್ನು ತೆಗೆಯಬೇಡಿ. ನಾನು ನಮ್ಮನೆಯವರ ಮುಖ ನೋಡಿದೆ. ಅವರಿಗೆ ನಂಜನಗೂಡಿನ ಕಥೆ ಹೇಳಿ ಹೇಳಿ ಬಾಯಿಪಾಠ ಆಗಿದೆ.

ನಮ್ಮ ಹುಬ್ಬಳ್ಳಿ ಹುಡುಗ ಬಂದಾಗ ಬಿಸಿಲು ಇಳಿದಿರಲಿಲ್ಲ. ಟೀಚರ್ ಕೈಯಿಂದ ಸಮಯ ಅಳೆಯುವ ಚಿಪ್ ತಗೊಂಡು ಕಾಲಿಗೆ ಕಟ್ಟಿಕೊಂಡು ಹೊರಟವನು ನನ್ನನ್ನು ಕಂಡು ದೂರದಿಂದಲೇ, "ಅಕ್ಕಾರ, ಐಸ್ ಐತೇನ್ರಿ?" ಅಂದ. ಇತ್ತು. ಟೊಪ್ಪಿಗೆ ಒಳಗೆ ಸುರಿದುಕೊಂಡು, "ಸಾಕ್ರಿ, ಇನ್ನ ಹೊಂಡತೇನಿ" ಎಂದು ಓಡಿದ. ಅವನ ಹಿಂದೆ ಇನ್ನೂ ನೂರಾರು ಜನ ಬಂದರು. ಅವರಿಗೂ ಇತ್ತು.

ಈ ಆಟದ ಶುರು ಹೀಗಿರಲಿಲ್ಲ. 1978ರಲ್ಲಿ ಹವಾಯಿಯಲ್ಲಿ ಮೊದಲ ಸಲ ಹದಿನೈದು ಜನ ಹೊರಟು ಹನ್ನೆರಡು ಜನ ಮುಗಿಸಿದರು. ಆಗ ನೀರಿನ ಮೇಜು ಅಂತ ಏನೂ ಇಲ್ಲ, ಅವರವರ ಗೆಳೆಯರೇ ಗಾಡಿಯಲ್ಲಿ ನೀರು ತರಬೇಕು. ಎರಡನೆಯವರಾಗಿ ಬಂದ ಜಾನ್ ಡನ್‌ಬಾರ್ ಅವರ ಗೆಳೆಯರ ಬಳಿ ನೀರು ಮುಗಿದುಹೋಗಿ ಬಿಯರ್ ಕೊಟ್ಟರಂತೆ. ಇಲ್ಲಿ ಸೈಕಲ್ ದಾರಿಯ ಎಕರ್ಸ್‌ಮ್ಯೂಲೆನ್‌ನಲ್ಲೂ ಬಿಯರ್ ಹರಿಯುತ್ತದೆ, ಪುಣ್ಯಕ್ಕೆ ಅದು ನೋಡುವವರಿಗೆ.

ಮಗಳ ಪ್ರಶ್ನೆಗೆ ಈಗ ಉತ್ತರ ಹೇಳಬಲ್ಲೆ. ಆ ರಾತ್ರಿ ಕೊನೆಯವರು ಒಳಗೆ ಬರುವಾಗ ಮೈದಾನ ತುಂಬಿತ್ತು, ಆಮೇಲೆ ಪಟಾಕಿ. ಹದಿನೈದು ಗಂಟೆ ದಾರಿಯಲ್ಲಿದ್ದವರಿಗೆ ಕೊನೆಯ ತಿರುವಿನಲ್ಲೂ ಒಬ್ಬರು ನಿಂತಿದ್ದರು, ಕೊನೆಯ ಮೇಜಿನಲ್ಲೂ ನೀರಿತ್ತು. ಗೆದ್ದವರನ್ನು ಕೇಳಿದರೆ ಎಲ್ಲ ರೇಸೂ ಚೆನ್ನಾಗೇ ಇರುತ್ತದೆ. ಏರ್ಪಾಟು ಹೇಗಿತ್ತು ಅಂತ ಕೊನೆಗೆ ಬಂದವರನ್ನು ಕೇಳಬೇಕು.

ಹಾಗೆ ಕೇಳಿದರೆ ನಮ್ಮ ಸಂಘದ ಗತಿ ಏನು? ಹೋದ ರಾಜ್ಯೋತ್ಸವದಲ್ಲಿ ಕೊನೆಯ ಪಂಕ್ತಿಗೆ ಅನ್ನ, ತಿಳಿಸಾರು ಬಿಟ್ಟರೆ ಏನೂ ಉಳಿದಿರಲಿಲ್ಲ. ಹೋಳಿಗೆ ಮೊದಲ ಪಂಕ್ತಿಯಲ್ಲೇ ಎರಡೆರಡು ಹೋಯಿತು. ಕೊನೆಯ ಪಂಕ್ತಿಯಲ್ಲಿ ಕೂತವರು ಯಾರು? ಬೆಳಿಗ್ಗೆಯಿಂದ ಕುರ್ಚಿ ಜೋಡಿಸಿದವರು, ಮಕ್ಕಳಿಗೆ ಬಣ್ಣ ಹಚ್ಚಿದವರು. ಯಾರೂ ದೂರು ಹೇಳಲಿಲ್ಲ. ಮುಂದಿನ ಸಲಕ್ಕೆ ಹೆಸರೂ ಕೊಡಲಿಲ್ಲ.

ಸರಿ, ಜಾಗ ಮುಗಿಯುತ್ತಿದೆ, ಸೂಚನೆಗಳು ಬೇಗ ಬೇಗ. ಗಣೇಶನ ಹಬ್ಬ ಎಂದಿನಂತೆ ಹಬ್ಬದ ನಂತರದ ಶನಿವಾರ, ಅದೇ ಹಾಲ್. ಪೂಜೆ ಹತ್ತು ಗಂಟೆಗೆ ಅಂದರೆ ಹತ್ತಕ್ಕೇ. ಕರ್ಪೂರ ಹೊರಗಡೆ ಹಚ್ಚುವುದು, ಹೊಗೆ ಅಲಾರಂ ಹೊಡೆದುಕೊಂಡರೆ ಅಗ್ನಿಶಾಮಕದವರ ಬಿಲ್ ಸಂಘಕ್ಕೆ. ಕನ್ನಡ ಕಲಿ ಬೇಸಿಗೆ ರಜೆ ಮುಗಿದ ಮೇಲಿನ ಮೊದಲ ಶನಿವಾರ ಶುರು, ಟೀಚರ್ ಕಾಲುನೋವು ವಾಸಿಯಾಗಿದೆ. ರಾಜ್ಯೋತ್ಸವದ ನಾಟಕಕ್ಕೆ ಇಬ್ಬರು ಗಂಡಸರು, ಒಬ್ಬ ರಾಕ್ಷಸ ಬೇಕು. ಹಾಲ್‌ನ ಕೀಲಿ, ದೊಡ್ಡ ಕಾಫಿ ಫಿಲ್ಟರ್, ಕುಕ್ಕರುಗಳನ್ನು ಇಷ್ಟು ವರ್ಷ ತಮ್ಮ ನೆಲಮಾಳಿಗೆಯಲ್ಲಿ ಇಟ್ಟುಕೊಂಡಿದ್ದ ದಂಪತಿ ಮುಂದಿನ ತಿಂಗಳು ಮೈಸೂರಿಗೆ ವಾಪಸ್ ಹೋಗುತ್ತಿದ್ದಾರೆ. ಬೀಳ್ಕೊಡುಗೆ ಹಬ್ಬದ ದಿನವೇ. ಕುಕ್ಕರುಗಳಿಗೆ ಮನೆ ಬೇಕು.

ಬೆಳಗಿನ ಪಾಳಿಗೆ ಜನ ಸಿಗುತ್ತಾರೆ, ಫೋಟೋದಲ್ಲೂ ಬರುತ್ತಾರೆ. ನಮಗೆ ಬೇಕಾಗಿರುವುದು ಸಂಜೆ ನಾಲ್ಕರಿಂದ ಎಂಟರವರೆಗೆ. ಹಾಲ್ ಗುಡಿಸಿ ಕೊಡಬೇಕು, ಕಸ ಬೇರೆ ಬೇರೆ ಮಾಡಬೇಕು, ಮೇಜು ಮಡಚಬೇಕು. ಎಂಟು ಜನ ಬಂದರೆ ಸಾಕು. ಈ ಸಲ ಅವರಿಗೆ ಹೋಳಿಗೆ ಮೊದಲೇ ಎತ್ತಿಡಲಾಗುತ್ತದೆ. ಡಬ್ಬಿ ನನ್ನ ಕೈಯಲ್ಲಿರುತ್ತದೆ, ಅಧ್ಯಕ್ಷರು ಕೇಳಿದರೂ ಕೊಡುವುದಿಲ್ಲ. ಹಾಗೇ ಇನ್ನೊಂದು ಮಾತು. ಈ ಸುದ್ದಿಪತ್ರಕ್ಕೂ ಒಬ್ಬರು ಜೊತೆಗಾರರು ಬೇಕು. ಕನ್ನಡ ಟೈಪ್ ಮಾಡಲು ಬಂದರೆ ಆಯಿತು. ಒತ್ತಕ್ಷರ ತಪ್ಪಿದರೂ ಪರವಾಗಿಲ್ಲ, ನಾನು ತಿದ್ದುತ್ತೇನೆ.