ಸೈಟೇಶನ್ ಲೆಕ್ಕ ಕೊಡುವ ಮೊದಲು
ಎಲ್ಲರಿಗೂ ನಮಸ್ಕಾರ. ಬಡ್ತಿ ಅರ್ಜಿ ತುಂಬುವವರು, ಸಂಶೋಧನಾ ಪೇಪರ್ ಮತ್ತು ಅವುಗಳ ಸೈಟೇಶನ್ (ಬೇರೆ ಪೇಪರ್‌ಗಳು ಅವನ್ನು ಉಲ್ಲೇಖಿಸಿದ್ದು) ದಾಖಲಿಸುವ ಡೇಟಾಬೇಸ್ ಆದ ಸ್ಕೋಪಸ್‌ನಲ್ಲಿ ನಿಮ್ಮ ಹೆಸರು ಎರಡು ಮೂರು ಪ್ರೊಫೈಲ್ ಆಗಿ ಒಡೆದಿದೆಯಾ ಅಂತ ಮೊದಲು ನೋಡಿ. ನಮ್ಮ ಕಡೆ ಇದು ಜಾಸ್ತಿ. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಮೇಲಾಗಿ 2014ರ ನವೆಂಬರ್‌ನಲ್ಲಿ ಬಳ್ಳಾರಿಯ ಇಂಗ್ಲಿಷ್ ಸ್ಪೆಲ್ಲಿಂಗೇ ಬದಲಾಯಿತು, ಹಳೆ ಪೇಪರ್‌ಗಳಲ್ಲಿ ಊರಿನ ಹೆಸರು ಬೇರೆ.

12, 9, 4 ಸೈಟೇಶನ್ ಇರುವ ಮೂರು ಪೇಪರ್ ಒಂದು ಕಡೆ, 7 ಮತ್ತು 5 ಇರುವ ಎರಡು ಇನ್ನೊಂದು ಕಡೆ ಇದ್ದರೆ ಎಚ್-ಇಂಡೆಕ್ಸ್ (ಕನಿಷ್ಠ 3 ಸೈಟೇಶನ್ ಇರುವ ಪೇಪರ್ 3 ಇದ್ದರೆ 3, ಹೀಗೆ) 3 ಮತ್ತು 2 ಅಂತಲೇ ತೋರಿಸುತ್ತದೆ. ಐದೂ ಪೇಪರ್ ಒಂದೇ ಕಡೆ ಕೂಡಿಸಿದರೆ 4. ಪ್ರೊಫೈಲ್ ಒಂದುಗೂಡಿಸಲು ಸ್ಕೋಪಸ್‌ಗೇ ಆನ್‌ಲೈನ್ ಮನವಿ ಕಳಿಸಿ. ಮುಂದಿನ ಪ್ರತಿ ಪೇಪರ್‌ಗೂ ಲೇಖಕರನ್ನು ಗುರುತಿಸುವ 16 ಅಂಕಿಯ ಆರ್ಕಿಡ್ (ORCID) ಐಡಿ ಹಾಕಿ.

ಪೇಪರ್ ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ಪೇಪರ್ ತಾನಾಗೇ ಸೇರಿಸುವ ಆಯ್ಕೆ ಬಂದ್ ಮಾಡಿ, ನಿಮ್ಮದೇ ಹೆಸರಿನ ಬೇರೆಯವರ ಪೇಪರ್ ಬಂದು ಕೂರುತ್ತವೆ. ಥೀಸಿಸ್, ಇನ್ನೂ ಪರಿಶೀಲನೆಯಾಗದ ಪ್ರಿಪ್ರಿಂಟ್‌ಗಳಲ್ಲಿನ ಉಲ್ಲೇಖವನ್ನೂ ಅದು ಎಣಿಸುವುದರಿಂದ ಅಲ್ಲಿನ ಸಂಖ್ಯೆ ಸಾಮಾನ್ಯವಾಗಿ ಹೆಚ್ಚು. ಸ್ಕೋಪಸ್, ಸ್ಕಾಲರ್ ಎರಡರ ಸಂಖ್ಯೆಯನ್ನೂ ಬೆರೆಸಬೇಡಿ ದಯವಿಟ್ಟು. ಸಂಖ್ಯೆಯ ಪಕ್ಕದಲ್ಲೇ ಎಲ್ಲಿಂದ ತೆಗೆದದ್ದು, ಯಾವ ತಾರೀಖಿನದು ಅಂತ ಬರೆಯಿರಿ.