ಬಣ್ಣ ಹೊಡೆಸದ ಕಾರು

ಫಾರ್ಮಿಂಗ್ಟನ್ ಹಿಲ್ಸ್, ಮಿಷಿಗನ್
28 ಜನವರಿ 2018

ಅಮ್ಮಾ,

ನಮಸ್ಕಾರ. ನಾವೆಲ್ಲ ಇಲ್ಲಿ ಚೆನ್ನಾಗಿದೀವಿ, ವಿದ್ಯಾ ಆರಾಮಾಗಿದಾಳೆ, ಪುಟ್ಟಿಗೆ ನೆಗಡಿ ಇತ್ತು, ಈಗ ವಾಸಿ. ರಘು ಫೋಟೋ ತೆಗೆದು ಕಳಿಸಿದ ನಿನ್ನ ಕಾಗದ ಗುರುವಾರ ಆಫೀಸಲ್ಲಿ ಓದಿದೆ. ಮೂರನೇ ಪುಟ ಅವನು ತಲೆಕೆಳಗಾಗಿ ತೆಗೆದಿದ್ದ, ಫೋನ್ ತಿರುಗಿಸಿದಷ್ಟೂ ಅದೂ ತಿರುಗ್ತಾ ಇತ್ತು. ಅಪ್ಪ ಪಕ್ಕದಲ್ಲೇ ಇರ್ತಾರೆ, ಅವರ ಕೈ ನಡುಗೋ ವಿಷ್ಯ ಫೋನಲ್ಲಿ ಹೇಳೋಕಾಗಲ್ಲ ಅಂತ ಬರ್ದಿದೀಯಲ್ಲ, ಅದಕ್ಕೇ ನಾನೂ ಬರೀತಾ ಇದೀನಿ. ರಘು ಪ್ರಿಂಟ್ ತೆಗೆಸಿ ನಿನ್ನ ಕೈಗೇ ಕೊಡ್ತಾನೆ.

ಮೊದಲನೇದಾಗಿ ಗಾಬರಿ ಆಗ್ಬೇಡ. ಕೈ ನಡುಗಿದ್ದಕ್ಕೆಲ್ಲ ದೊಡ್ಡ ಕಾಯಿಲೆ ಅಂತಲ್ಲ. ಥೈರಾಯ್ಡ್ ಇದ್ರೂ ನಡುಗತ್ತೆ, ಕೆಲವು ಮಾತ್ರೆಗಳಿಂದ್ಲೂ ನಡುಗತ್ತೆ, ಮನೆತನದಲ್ಲೇ ಬರೋ ನಡುಕಾನೂ ಇದೆ. ದೊಡ್ಡಜ್ಜಂಗೆ ಮಜ್ಜಿಗೆ ಕೊಟ್ರೆ ಅರ್ಧ ಹೊಟ್ಟೆಗೆ ಅರ್ಧ ಪಂಚೆಗೆ, ಆದ್ರೂ ತೊಂಬತ್ತು ದಾಟಿ ಬದುಕಿದ್ರಲ್ಲ. ಏನೂ ಇರಲ್ಲ. ಆದ್ರೆ ತೋರಿಸ್ಲೇಬೇಕು. ಅದು ಹೇಗೆ ಅಂತ ಕೆಳಗೆ ಬರೀತೀನಿ, ಅದಕ್ಕಿಂತ ಮುಂಚೆ ಒಂದು ಕೆಲಸ ಮಾಡು, ಇಲ್ಲಿಂದ ಅಪ್ಪಂಗೆ ಗಟ್ಟಿಯಾಗಿ ಓದು. ಗಾಡಿ ವಿಷ್ಯ ಅಂದ್ರೆ ಪೇಪರ್ ಕೆಳಗಿಡ್ತಾರೆ.

ಅಪ್ಪಾ, ನಿನ್ನೆ ಡೆಟ್ರಾಯ್ಟ್ ಆಟೋ ಶೋಗೆ ಹೋಗಿದ್ವಿ. ಕೋಬೋ ಸೆಂಟರ್ ಅಂತ ನದಿ ದಡದಲ್ಲಿ ದೊಡ್ಡ ಹಾಲು, ಆಚೆ ದಡ ಕೆನಡಾ. ಕೆನಡಾ ಅಂದ್ರೆ ಉತ್ತರಕ್ಕಿರತ್ತೆ ಅನ್ಕೋತೀವಲ್ಲ, ಇಲ್ಲಿ ಮಾತ್ರ ದಕ್ಷಿಣಕ್ಕಿದೆ, ನಾನು ಮೊದಲ ವರ್ಷ ಒಬ್ಬರ ಹತ್ರ ಇದಕ್ಕೆ ವಾದ ಮಾಡಿ ಸೋತಿದ್ದೆ. ಒಳಗೆ ಕನ್ನಡಿ ಥರ ಹೊಳಿಯೋ ಹೊಸ ಕಾರು ಸಾಲುಸಾಲು ಇದ್ರೂ ಫೋರ್ಡ್‌ನವರ ಜಾಗದಲ್ಲಿ ಜನ ಮುತ್ಕೊಂಡಿದ್ದು ಒಂದು ಹಳೇ ಕಾರಿಗೆ. 1968ರ ಮಸ್ಟಾಂಗ್ ಜಿಟಿ, ಕಡು ಹಸಿರು. ಬಣ್ಣ ಮಾಸಿದೆ, ತುಕ್ಕು ಇದೆ. ನಮ್ಮೂರಲ್ಲಾಗಿದ್ರೆ ಗುಜರಿಯವನು ಎರಡು ಸಲ ಬಂದು ರೇಟ್ ಕೇಳಿರ್ತಿದ್ದ.

ಅದು ಬುಲಿಟ್ ಅನ್ನೋ ಸಿನಿಮಾದಲ್ಲಿ ಸ್ಟೀವ್ ಮ್ಯಾಕ್ವೀನ್ ಓಡಿಸಿದ ಕಾರು. ಸ್ಯಾನ್ ಫ್ರಾನ್ಸಿಸ್ಕೋದ ಏರು ಇಳಿಜಾರು ರಸ್ತೆಗಳಲ್ಲಿ ಹೆಚ್ಚುಕಮ್ಮಿ 11 ನಿಮಿಷ ಚೇಸು, ಕಾರು ಗಾಳೀಲಿ ಹಾರಿ ಹಾರಿ ಬೀಳತ್ತೆ. ಇಂಜಿನ್ 390 ಕ್ಯೂಬಿಕ್ ಇಂಚು ಅಂತ ಇಲ್ಲಿನವರ ಲೆಕ್ಕ, ನಮ್ಮ ಲೆಕ್ಕಕ್ಕೆ 6.4 ಲೀಟರ್, ಅಂದ್ರೆ ಹೆಚ್ಚುಕಮ್ಮಿ ನಮ್ಮ ಯೆಜ್ಡಿ ಬೈಕಿನ ಥರದ್ದು ಇಪ್ಪತ್ತೈದು ಇಂಜಿನ್ ಒಂದೇ ಬಾನೆಟ್ ಕೆಳಗೆ! 325 ಹಾರ್ಸ್‌ಪವರ್, ನಾಲ್ಕು ಗೇರು. ಹುಟ್ಟಿದ್ದು ಫೋರ್ಡಿನ ಸ್ಯಾನ್ ಹೊಸೆ ಕಾರ್ಖಾನೇಲಿ, ಆ ಕಾರ್ಖಾನೆ ಮುಚ್ಚಿ ಈಗ ಅಲ್ಲಿ ಗ್ರೇಟ್ ಮಾಲ್ ಅಂತ ಮಾಲ್ ಆಗಿದೆ, ನಮ್ಮ ಶ್ರೀಧರ ಮಿಲ್ಪಿಟಾಸಲ್ಲಿ ಸೂಟ್‌ಕೇಸ್ ತಗೊಂಡ್ನಲ್ಲ ಅದೇ. ಸಿನಿಮಾಕ್ಕೆ ಎರಡು ಕಾರು ಇದ್ವು. ಹಾರಿ ಬಿದ್ದು ಪೆಟ್ಟು ತಿಂದಿದ್ದು ಒಂದು, ಅದು ಹೋದ ವರ್ಷ ಮೆಕ್ಸಿಕೋದ ಗುಜರೀಲಿ ಸಿಕ್ತು. ಇದು ಇನ್ನೊಂದು, ಚಾಸಿ ನಂಬರಿನ ಕೊನೆ 559. ಸಿನಿಮಾದವರು ಮುಂದಿನ ಜಾಲರಿಯಿಂದ ಕುದುರೆ ಗುರುತು ಕಿತ್ತು, ಹೊಳಪು ಕಾಣಬಾರದು ಅಂತ ಬಣ್ಣಾನೂ ಮಂಕು ಮಾಡಿ, ಸಸ್ಪೆನ್ಷನ್ ಗಟ್ಟಿ ಮಾಡಿಸಿದ್ರು. ಕ್ಯಾಮೆರಾ ಕೂರಿಸೋಕೆ ಅಡೀಲಿ ವೆಲ್ಡ್ ಮಾಡಿದ ಬ್ರಾಕೆಟ್ಟು ಇನ್ನೂ ಹಾಗೇ ಇವೆಯಂತೆ. ನೀವಿದ್ದಿದ್ರೆ ಹಗ್ಗದ ಕೆಳಗೆ ನುಸುಳಿ ಮಲಗಿ ನೋಡಿರ್ತಿದ್ರಿ, ಸೆಕ್ಯುರಿಟಿಯವನು ಎಳ್ಕೊಂಡು ಹೋಗಿರ್ತಿದ್ದ.

ಶೂಟಿಂಗ್ ಮುಗಿದ ಮೇಲೆ ಸ್ಟುಡಿಯೋದಲ್ಲಿ ಕೆಲಸ ಮಾಡೋನೊಬ್ಬ ತಗೊಂಡ. ಅವನಿಂದ 1970ರಲ್ಲಿ ನ್ಯೂಜೆರ್ಸಿಯ ಒಬ್ಬ ಡಿಟೆಕ್ಟಿವ್ ಕೈಗೆ ಬಂತು, ಸಿನಿಮಾದಲ್ಲೂ ಪೊಲೀಸು, ಮನೇಲೂ ಪೊಲೀಸು. ಅವನು 1974ರಲ್ಲಿ ಕಾರ್ ಪತ್ರಿಕೇಲಿ ಜಾಹೀರಾತು ಕೊಟ್ಟ, ಇನ್ಶೂರೆನ್ಸ್ ಕೆಲಸದ ಒಬ್ಬರು 6000 ಡಾಲರಿಗೆ ತಗೊಂಡ್ರು. ತಗೊಂಡು ಏನ್ ಮಾಡಿದ್ರು ಅಂತೀರಿ, ಅವರ ಹೆಂಡತಿ ಟೀಚರ್, ದಿನಾ ಇದರಲ್ಲೇ ಸ್ಕೂಲಿಗೆ! ಅಮ್ಮ ಲೂನಾದಲ್ಲಿ ಹೋಗ್ತಿದ್ದ ಹಾಗೆ, ಟಿಫನ್ ಕ್ಯಾರಿಯರ್ ಒಂದು ಇರ್ಲಿಲ್ಲ ಅಷ್ಟೇ. 1977ರಲ್ಲಿ ಸ್ವತಃ ಮ್ಯಾಕ್ವೀನೇ ಕಾಗದ ಬರೆದು, ಕಾರು ನನಗೆ ವಾಪಸ್ ಕೊಡ್ತೀರಾ, ಬದಲಿಗೆ ಇನ್ನೊಂದು ಮಸ್ಟಾಂಗ್ ಬೇಕಾದ್ರೆ ಹುಡುಕಿ ಕೊಡ್ತೀನಿ ಅಂತ ಕೇಳಿದ. ಇವರು ಕೊಡ್ಲಿಲ್ಲ. ಅಷ್ಟು ದೊಡ್ಡ ಹೀರೋ ಕೇಳಿದ್ರೂ ಕೊಡ್ಲಿಲ್ಲ, ಥೇಟ್ ನಿಮ್ಮ ಹಾಗೆ, ಬ್ಯಾಂಕ್ ಮ್ಯಾನೇಜರ್ ಯೆಜ್ಡಿ ಕೇಳಿದಾಗ ನೀವು ಕಾಫಿ ಕೊಟ್ಟು ಕಳಿಸಿದ್ರಲ್ಲ.

1980ರಲ್ಲಿ ಕ್ಲಚ್ ಹೋಯ್ತು. 65 ಸಾವಿರ ಮೈಲಿ ಆಗಿತ್ತು. ಆಮೇಲೆ ಮಾಡಿಸೋಣ ಅಂತ ನಿಲ್ಲಿಸಿದ್ರು (ಮ್ಯಾಕ್ವೀನ್ ಸತ್ತಿದ್ದೂ ಅದೇ ವರ್ಷ), ಆ ಆಮೇಲೆ ಅನ್ನೋದು ಬರೋಕೆ ಮೂವತ್ತಾರು ವರ್ಷ ಹಿಡೀತು. ಮನೆ ಬದಲಾಯ್ತು, ರಾಜ್ಯ ಬದಲಾಯ್ತು, ಕೊನೆಗೆ ಟೆನೆಸ್ಸೀ ಸೇರಿದ್ರು, ಕಾರೂ ಜೊತೇಲೇ ಹೋಯ್ತು. ಯಾರಿಗೂ ಬಾಯಿ ಬಿಡ್ಲಿಲ್ಲ. ಜನ ಪ್ರಪಂಚವೆಲ್ಲ ಹುಡುಕ್ತಾ ಇದ್ರು. ಈಗ ಮಗ ಇಂಜಿನ್ನು ಕ್ಲಚ್ಚು ಎಲ್ಲ ಸರಿ ಮಾಡಿಸಿ ಓಡೋ ಹಾಗೆ ಮಾಡಿದಾನೆ, ಬಣ್ಣಕ್ಕೆ ಮಾತ್ರ ಕೈ ಹಚ್ಚಿಲ್ಲ. ಈ ತಿಂಗಳು 14ಕ್ಕೆ, ನೀವಲ್ಲಿ ಎಳ್ಳುಬೆಲ್ಲ ಬೀರೋ ಹೊತ್ತಲ್ಲೇ, ಇಲ್ಲಿ ಸ್ಟೇಜ್ ಮೇಲೆ ತಂದು ತೋರಿಸಿದ್ರು. ಹೊಸ ಬಣ್ಣ ಹೊಡೆಸಿದ್ರೆ ಬೆಲೆ ಬಿದ್ದು ಹೋಗತ್ತೆ ಅಂತಾರೆ ಅಪ್ಪಾ, ತುಕ್ಕಿಗೇ ಬೆಲೆ, ಈ ದೇಶದಲ್ಲಿ ಇಂಥದ್ದೂ ಇದೆ.

ಆದ್ದರಿಂದ ಯೆಜ್ಡಿಗೆ ಕಪ್ಪು ಬಣ್ಣ ಹೊಡೆಸಿ ಬೆಂಗಳೂರಿನ ಹುಡುಗರಿಗೆ ಮಾರೋಣ ಅಂತ ರಘು ಅಂತಿರೋದು ಬೇಡವೇ ಬೇಡ. ರೈಲ್ವೆ ಗಾರ್ಡ್ ಹತ್ರ ಇತ್ತು, ಆಮೇಲೆ ಅರಸೀಕೆರೆ ಕಾಂಪೌಂಡರ್, ಅವರಿಂದ ನೀವು, ಟ್ಯಾಂಕ್ ಮೇಲಿನ ಗೀರು ಯಾರು ಮಾಡಿದ್ದು ಅಂತ ಮೂರು ಜನಾನೂ ಒಪ್ಕೊಂಡಿಲ್ಲ, ಅದು ಹಾಗೇ ಇರ್ಲಿ. ಕ್ಲಚ್ ಪ್ಲೇಟ್ ಮಾತ್ರ ಹಾಕಿಸಿ. ಬೆಂಗಳೂರು ಜೆ.ಸಿ. ರೋಡಲ್ಲಿ ಹುಡುಕಿದ್ರೆ ಸಿಗತ್ತೆ, ಆದ್ರೆ ನೀವೇ ಹೋಗಿ ನೋಡಿ ತರ್ಬೇಕು, ರಘು ಕೈಲಿ ಕೊಟ್ರೆ ಬುಲೆಟ್ಟಿಂದು ತಂದುಬಿಡ್ತಾನೆ. ಖರ್ಚು ನನ್ನದು.

ಅಮ್ಮಾ, ಇಲ್ಲಿಗೆ ಓದೋದು ನಿಲ್ಲಿಸು. ಒಲೆ ಮೇಲೆ ಹಾಲಿಟ್ಟಿದೀನಿ ಅಂತ ಹೇಳಿ ಒಳಗೆ ಹೋಗು.

ಕಾರು ತಗೊಂಡಿದ್ದ ಆ ಇನ್ಶೂರೆನ್ಸಿನವರು ಮಗನ ಜೊತೆ ಕೂತು ತಾವೇ ರಿಪೇರಿ ಮಾಡ್ಬೇಕು ಅಂತಿದ್ರಂತೆ. ಅಷ್ಟರಲ್ಲಿ ಅವರಿಗೆ ಪಾರ್ಕಿನ್ಸನ್ಸ್ ಅಂತ ಕೈ ನಡುಗೋ ನರದ ಕಾಯಿಲೆ ಬಂತು, 2014ರಲ್ಲಿ ಹೋಗಿಬಿಟ್ರು, ಕಾರು ಓಡಿದ್ದು ನೋಡ್ಲಿಲ್ಲ. ನನಗೆ ಇದು ಮೊದಲೇ ಗೊತ್ತಿರ್ಲಿಲ್ಲ, ಅಲ್ಲೇ ಪಕ್ಕದಲ್ಲಿ ನಿಂತಿದ್ದೋನು ಇನ್ಯಾರಿಗೋ ಹೇಳ್ತಾ ಇದ್ದ, ಕಿವಿಗೆ ಬಿತ್ತು. ಗುರುವಾರ ನಿನ್ನ ಕಾಗದ, ಶನಿವಾರ ಈ ಮಾತು. ವಿದ್ಯಾ ಫೋಟೋ ತೆಗಿ ಅಂತಿದ್ಲು, ನಾನು ಫೋನ್ ಹಿಡ್ಕೊಂಡು ಸುಮ್ನೆ ನಿಂತಿದ್ದೆ. ಮನೆಗೆ ಬಂದು ಪೆಟ್ಟಿಗೆ ತೆಗೆದು ಅಪ್ಪ 2009ರಲ್ಲಿ ಮಾಡಿಕೊಟ್ಟ ಲೋನಿನ ಜಾಮೀನು ಪತ್ರದ ಸಹಿ ನೋಡಿದೆ, ಎಷ್ಟು ಅಗಲ, ಗೆರೆ ಕಾಗದ ದಾಟಿ ಹೋಗೋ ಹಾಗಿದೆ. ಬ್ಯಾಂಕಲ್ಲಿ ಸಹಿ ತಾಳೆ ಆಗ್ತಿಲ್ಲ ಅಂತ ಎರಡು ಸಲ ವಾಪಸ್ ಕಳಿಸಿದ್ರು ಅಂದ್ಯಲ್ಲ, ಆ ಈಗಿನ ಸಹಿ ರಘು ಕೈಲಿ ಫೋಟೋ ತೆಗೆಸಿ ಕಳಿಸು. ಅಕ್ಷರ ಚಿಕ್ಕದಾಗ್ತಾ ಬಂದಿದ್ಯಾ ನೋಡ್ಬೇಕು. ಇನ್ನೊಂದು, ಅಪ್ಪ ಸುಮ್ನೆ ಟಿವಿ ನೋಡ್ತಾ ಕೂತಾಗ ತೊಡೆ ಮೇಲಿಟ್ಟ ಕೈ ನಡುಗತ್ತಾ, ಇಲ್ಲಾ ಲೋಟ ಎತ್ತುವಾಗ ಮಾತ್ರವಾ? ಒಂದು ಕೈಯಾ ಎರಡೂನಾ? ನಡೀವಾಗ ಕೈ ಬೀಸ್ತಾರಾ? ಅವರಿಗೆ ಗೊತ್ತಾಗದ ಹಾಗೆ ನೋಡು. ಡಾಕ್ಟರು ಇದನ್ನೆಲ್ಲ ಕೇಳ್ತಾರೆ ಅಂತ ಹೇಳ್ತಿದೀನಿ ಅಷ್ಟೇ, ಬೇರೆ ಏನಿಲ್ಲ. ಏನೂ ಇರಲ್ಲ ಅಂತ ನನಗೆ ನೂರಕ್ಕೆ ನೂರು ನಂಬಿಕೆ. ಹಾಗೊಂದು ವೇಳೆ ಇದ್ರೂ ಔಷಧಿ ಇದೆ, ಎಷ್ಟೋ ಜನ ವರ್ಷಾನುಗಟ್ಟಲೆ ಓಡಾಡ್ಕೊಂಡಿದಾರೆ. ನೀನು ಅಳ್ತಾ ಕೂರ್ಬೇಡ, ಸುಶೀಲತ್ತೆ ಹತ್ರ ಎಲ್ಲಾ ಹೇಳಿ ಅವರನ್ನೂ ಅಳಿಸ್ಬೇಡ.

ಪ್ಲಾನ್ ಕೇಳು. ಆಸ್ಪತ್ರೆ ಅಂದ್ರೆ ಅಪ್ಪ ತಿಪಟೂರು ಬಿಟ್ಟು ಕದಲಲ್ಲ, ಕ್ಲಚ್ ಪ್ಲೇಟ್ ಅಂದ್ರೆ ಬೆಳಗಿನ ರೈಲಿಗೆ ನಾಲ್ಕಕ್ಕೇ ಎದ್ದು ಕೂರ್ತಾರೆ. ಜೆ.ಸಿ. ರೋಡ್ ಮುಗಿಸಿ ರಾತ್ರಿ ಜಯನಗರದಲ್ಲಿ ಅತ್ತೆ ಮನೆ. ಮಾರನೇ ದಿನ ಬೆಳಿಗ್ಗೇನೇ ನಿಮ್ಹಾನ್ಸ್, ಅಲ್ಲಿಂದ ಹತ್ರ. ಅಲ್ಲಿಗೆ ಹೋದ್ಮೇಲೆ ಬೈತಾರೆ, ಬೈಲಿ, ನನ್ನ ಮೇಲೆ ಹಾಕು. ಮಾತ್ರೆ ಚೀಟಿಗಳೆಲ್ಲ ಒಂದು ಕವರಲ್ಲಿ ಹಾಕ್ಕೊ, ಬಿಪಿದೂ ಸೇರಿಸು. ದುಡ್ಡು ನಾಳೆ ರಘು ಅಕೌಂಟಿಗೆ ಹಾಕ್ತೀನಿ, ಸಾಲ ಏನಾದ್ರೂ ಮಾಡಿ ಕಳಿಸ್ತಿದೀಯಾ ಅಂತ ಕೇಳ್ಬೇಡ, ಇಲ್ಲ. ನಾನೇ ಬರ್ಲಾ ಅಂದ್ರೆ ಮಾರ್ಚಿಗೆ ರಜ ಸಿಗತ್ತೆ, ಬೇಕು ಅಂದ್ರೆ ನಾಳೇನೇ ಕೇಳ್ತೀನಿ, ನಾಚಿಕೆ ಇಲ್ದೆ ಹೇಳು.

ಪುಟ್ಟಿ ಎದ್ಲು, ಹೊರಗೆ ಹಿಮ ಬೇರೆ ತೆಗೀಬೇಕು. ಈ ಎರಡನೇ ಹಾಳೆ ಓದಿದ ಮೇಲೆ ಅಕ್ಕಿ ಡಬ್ಬದಲ್ಲಿಡ್ಬೇಡ, ಅಪ್ಪ ಅಲ್ಲೇ ಮೊದಲು ಹುಡುಕೋದು.

ನಿನ್ನ
ಪ್ರಸಾದ

ಸಹಿಯ ಫೋಟೋ ಮರೀಬೇಡ. ಇವತ್ತೇ.